ಗೋಲಿನ ಬಾಯಲ್ಲಿ ಕೂತವರು

ಲಡಾಖಿನ ಒಂದು ಊರಿನಲ್ಲಿ ಆಂಗ್ಮೋ ಎಂಬ ಐಸ್ ಹಾಕಿ ಕೋಚ್ ಇದ್ದಳು. ಚಳಿಗಾಲದಲ್ಲಿ ಅಲ್ಲಿಯ ಕೆರೆ ಕಲ್ಲಿನ ಹಾಗೆ ಹೆಪ್ಪುಗಟ್ಟುತ್ತದೆ. ಅದರ ಮೇಲೇ ಆಟ.

ಹನ್ನೊಂದು ವರ್ಷದವಳಿದ್ದಾಗ ಅವಳ ಕಾಲಿಗೆ ಸ್ಕೇಟ್ಸ್ ಕಟ್ಟಿ ಐಸ್ ಮೇಲೆ ನಿಲ್ಲಿಸಿದವರು ಮೇಮೆ ಫುಂಚೋಕ್. ಮೇಮೆ ಅಂದರೆ ಆ ಕಡೆಯ ಮಾತಿನಲ್ಲಿ ಅಜ್ಜ. ಸೈನ್ಯದಿಂದ ನಿವೃತ್ತರಾಗಿ ಬಂದವರು. ಮಾತು ಕಡಿಮೆ.

ಆಂಗ್ಮೋ ಆಡಿದಳು, ಮಂಡಿ ಮುರಿದುಕೊಂಡಳು, ಆಮೇಲೆ ಕೋಚ್ ಆದಳು. ಊರಿನ ಕ್ಲಬ್ಬು ಅವಳನ್ನು ಸಂಬಳಕ್ಕೆ ಇಟ್ಟುಕೊಂಡಿತು. ಹೆಂಗಸೊಬ್ಬಳು ಹಾಕಿ ಕಲಿಸಿ ಹೊಟ್ಟೆ ಹೊರೆಯುವುದು ಆ ಕಣಿವೆಯಲ್ಲಿ ಅದೇ ಮೊದಲು. ಹನ್ನೆರಡು ಚಳಿಗಾಲ ದುಡಿದಳು. ಅವಳ ಹುಡುಗಿಯರು ಮೂರು ಸಲ ಕಪ್ ಗೆದ್ದರು.

ಹದಿಮೂರನೆಯ ಚಳಿಗಾಲದಲ್ಲಿ, ಫೈನಲ್ ದಿನ ಬೆಳಿಗ್ಗೆ, ಅವಳು ಮೇಮೆಯ ಮನೆ ಬಾಗಿಲನ್ನು ದಡಾರನೆ ತಳ್ಳಿಕೊಂಡು ಒಳಗೆ ಬಂದಳು. ಮೇಮೆ ಒಲೆಯ ಪಕ್ಕ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು.

“ನನ್ನನ್ನು ಕಿತ್ತು ಹಾಕಿದರು, ಮೇಮೆ.”

“ಯಾರು?”

“ಅಧ್ಯಕ್ಷ ನೊರ್ಬು. ಹನ್ನೆರಡು ವರ್ಷದ ದುಡಿಮೆ! ನಿಂತ ನಿಲುವಿನಲ್ಲೇ, ‘ಸೀಟಿ ಅಲ್ಲಿಟ್ಟು ಹೋಗು’ ಅಂದುಬಿಟ್ಟರು. ನಾಯಿಗೂ ಹಾಗೆ ಹೇಳುವುದಿಲ್ಲ.”

“ಯಾಕೆ?”

“ಡಿಸ್ಕಿತ್‌ನ ಆಡಿಸುವುದಿಲ್ಲ ಅಂದೆ. ಅದಕ್ಕೆ.”

ಡಿಸ್ಕಿತ್ ತಂಡದ ಗೋಲ್‌ಕೀಪರ್. ಹತ್ತೊಂಬತ್ತರ ಹುಡುಗಿ. ಮೊನ್ನೆ ಸೆಮಿಫೈನಲ್‌ನಲ್ಲಿ ಜಾರಿ ಬಂದ ಆಟಗಾರ್ತಿಯೊಬ್ಬಳು ಡಿಕ್ಕಿ ಹೊಡೆದು, ಇವಳ ತಲೆ ಗೋಲಿನ ಕಂಬಕ್ಕೆ ಬಡಿದಿತ್ತು. ಅವತ್ತಿನಿಂದ ವಾಂತಿ. ಒಂದು ಬೆರಳು ತೋರಿಸಿದರೆ ಎರಡು ಅನ್ನುತ್ತಿದ್ದಳು.

“ದೊಡ್ಡ ದೊಡ್ಡವರು ಪಂದ್ಯ ನೋಡಲು ಬರ್ತಾರಂತೆ. ಕಪ್ ಬಿಟ್ಟುಕೊಟ್ಟರೆ ಅಧ್ಯಕ್ಷರ ಮೂಗು ಕೊಯ್ದ ಹಾಗಂತೆ. ಬೇರೆ ಗೋಲ್‌ಕೀಪರ್ ಇನ್ನೂ ಎಳೆಯವಳು, ಅವಳನ್ನು ನಿಲ್ಲಿಸಿದರೆ ಸೋಲು ಖಂಡಿತವಂತೆ. ಎಂಥ ಜನ ಮೇಮೆ ಇವರು! ನಾನು ಇಲ್ಲದೆ ಈ ಕ್ಲಬ್ಬಿಗೆ ಹೆಸರಿತ್ತೇ?”

ಮೇಮೆ ಇನ್ನೊಂದು ಆಲೂಗಡ್ಡೆ ಕೈಗೆತ್ತಿಕೊಂಡರು.

“ನೀನೇನು ಮಾಡಿದೆ?”

“ಸೀಟಿ ಮೇಜಿನ ಮೇಲಿಟ್ಟೆ. ಬ್ಯಾಗ್ ತಗೊಂಡೆ. ನೀವು ಕಲಿಸಿದ ಹಾಗೆ, ಒಂದು ಮಾತೂ ಎತ್ತರಿಸದೆ ಬಂದೆ.”

“ನಾನು ಯಾವಾಗ ಕಲಿಸಿದೆ?”

“ಐಸ್ ಮೇಲೆ ಸಿಟ್ಟು ಮಾಡಿಕೊಂಡವರು ಬೀಳುತ್ತಾರೆ ಅಂದಿದ್ದಿರಿ.”

“ಬೀಳಬೇಡ ಅಂದಿದ್ದೆನೇ?”

ಮೇಮೆ ಸಿಪ್ಪೆಯನ್ನೆಲ್ಲ ಒಂದು ಪಕ್ಕಕ್ಕೆ ಸರಿಸಿದರು.

“ಆ ಹುಡುಗಿ ಎಲ್ಲಿ ಈಗ?”

“ಡ್ರೆಸ್ಸಿಂಗ್ ರೂಮಿನಲ್ಲಿ. ನಾನು ಹೊರಡುವಾಗ ಕಾಲಿಗೆ ಪ್ಯಾಡ್ ಕಟ್ಟುತ್ತಿದ್ದರು.”

ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು.

ಮೇಮೆ ಚಾಕು ಕೆಳಗಿಟ್ಟರು. ಅವರ ಕಿವಿ ಕೆಂಪೇರಿದ್ದನ್ನು ಅವಳು ಅದೇ ಮೊದಲ ಸಲ ನೋಡಿದ್ದು. ಎದ್ದು, ಉಣ್ಣೆಯ ಬೂಟು ಮೆಟ್ಟಿಕೊಂಡು ಹೊರಟರು.

“ಎಲ್ಲಿಗೆ ಮೇಮೆ?”

ಅವರು ಆಗಲೇ ಕೆರೆಯ ದಾರಿ ಹಿಡಿದಿದ್ದರು. ಅವಳು ಹಿಂದೆ ಓಡಿದಳು.

ಅವರು ತಲುಪುವಾಗ ಮಧ್ಯಾಹ್ನ. ಕೆರೆಯ ಸುತ್ತ ಊರೇ ನೆರೆದಿತ್ತು. ಎರಡೂ ತಂಡಗಳು ಐಸ್ ಮೇಲಿದ್ದವು. ಡಿಸ್ಕಿತ್ ಗೋಲಿನ ಕಂಬ ಹಿಡಿದುಕೊಂಡು ನಿಂತಿದ್ದಳು. ಹಿಡಿದುಕೊಂಡಿದ್ದರಿಂದಲೇ ನಿಂತಿದ್ದಳು.

ಎಂಬತ್ತು ವರ್ಷದ ಮೇಮೆ, ಸ್ಕೇಟ್ಸ್ ಇಲ್ಲದೆ, ಅಂಗುಲ ಅಂಗುಲ ಕಾಲೂರುತ್ತ ಐಸ್ ಮೇಲೆ ನಡೆದುಹೋದರು. ಡಿಸ್ಕಿತ್‌ಳ ಮುಂದೆ, ಗೋಲಿನ ಬಾಯಿಗೆ ಅಡ್ಡಲಾಗಿ, ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟರು.

ಜನ ನಕ್ಕರು. ರೆಫರಿ ಸೀಟಿ ಊದಿದ. ನೊರ್ಬು ತನ್ನ ಪಾಲಿಶ್ ಬೂಟಿನಲ್ಲಿ ಜಾರುತ್ತ, ಸಾವರಿಸಿಕೊಳ್ಳುತ್ತ ಬಂದ.

“ಮೇಮೆ, ಏಳಿ. ಏನಿದು ಹುಚ್ಚಾಟ?”

“ಈ ಮಗುವನ್ನು ಡಾಕ್ಟರಿಗೆ ತೋರಿಸು. ಏಳುತ್ತೇನೆ.”

“ಆಟ ಮುಗಿದ ಮೇಲೆ ತೋರಿಸುತ್ತೇವೆ.”

“ಹಾಗಾದರೆ ಆಟ ಮುಗಿದ ಮೇಲೆ ಏಳುತ್ತೇನೆ.”

“ನಿಮಗೆ ವಯಸ್ಸಾಗಿದೆ ಅಂತ ಸುಮ್ಮನಿದ್ದೇನೆ. ಎತ್ತಿ ಆಚೆ ಹಾಕಿಸುತ್ತೇನೆ ನೋಡಿ!”

“ಹಾಕಿಸು.”

ನೊರ್ಬು ಇಬ್ಬರು ಆಳುಗಳಿಗೆ ಕೈಸನ್ನೆ ಮಾಡಿದ. ಅವರು ಬಂದು ಮೇಮೆಯ ಕಂಕುಳಿಗೆ ಕೈ ಹಾಕಿದರು.

ಬೇಲಿಯ ಆಚೆ ನಿಂತಿದ್ದ ಆಂಗ್ಮೋಗೆ ಸಿಟ್ಟು ಬಂತು. ಬೆಳಿಗ್ಗೆಯೂ ಬಂದಿತ್ತು. ಆಗ ತನಗಾಗಿ. ಈಗ ತನ್ನ ಕೆಲಸ, ಸೀಟಿ, ಹನ್ನೆರಡು ವರ್ಷ ಯಾವುದೂ ನೆನಪಿಗೆ ಬರಲಿಲ್ಲ. ಕಂಬ ಹಿಡಿದು ನಿಂತ ಡಿಸ್ಕಿತ್ ಮಾತ್ರ ಕಾಣುತ್ತಿದ್ದಳು.

ಬೇಲಿ ಹಾರಿದಳು. ಓಡಿದಳು, ಜಾರಿ ಮುಗ್ಗರಿಸಿ ಬಿದ್ದಳು, ಎದ್ದು ಮತ್ತೆ ಓಡಿ ಮೇಮೆಯ ಪಕ್ಕ ಕುಕ್ಕರಿಸಿದಳು. ಗಂಟಲು ಹರಿಯುವ ಹಾಗೆ ಕೂಗಿದಳು.

“ಕೇಳ್ರಪ್ಪಾ ಎಲ್ಲರೂ! ಈ ಹುಡುಗಿಯ ತಲೆಗೆ ಪೆಟ್ಟಾಗಿ ಎರಡು ದಿನ ಆಯಿತು! ತಿಂದದ್ದು ನಿಲ್ಲುತ್ತಿಲ್ಲ, ಕಣ್ಣು ಕಾಣುತ್ತಿಲ್ಲ! ಇವಳನ್ನು ಇಲ್ಲಿ ನಿಲ್ಲಿಸಿ ಕಪ್ ಕೇಳುತ್ತಿದ್ದಾರೆ! ನೀವು ಚಪ್ಪಾಳೆ ಹೊಡೆಯುತ್ತೀರಾ?”

ನಗು ನಿಂತಿತು. ಕಂಕುಳಿಗೆ ಹಾಕಿದ್ದ ಕೈಗಳು ಸಡಿಲವಾದವು.

ಜನರ ನಡುವಿನಿಂದ ಒಬ್ಬ ಹೆಂಗಸು ಎದ್ದಳು. ಡಿಸ್ಕಿತ್‌ಳ ತಾಯಿ. ದೂರದ ಹಳ್ಳಿಯಿಂದ ಮಗಳ ಆಟ ನೋಡಲು ಅವತ್ತೇ ಬಂದಿದ್ದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಐಸ್ ಮೇಲೆ ನಡೆದು ಬಂದು, ನೊರ್ಬುವನ್ನು ಭುಜದಿಂದ ಆಚೆ ತಳ್ಳಿ, ಮಗಳ ಹೆಲ್ಮೆಟ್ ಬಿಚ್ಚಿದಳು.

“ಅಮ್ಮಾ, ನೀನು ಇಬ್ಬರಿದ್ದೀಯ,” ಅಂದಳು ಡಿಸ್ಕಿತ್.

ಎದುರು ತಂಡದ ಹುಡುಗಿಯರೇ ಅವಳನ್ನು ಎತ್ತಿಕೊಂಡು ಜೀಪಿಗೆ ಹಾಕಿದರು. ತಲೆಯೊಳಗೆ ರಕ್ತ ಹೆಪ್ಪುಗಟ್ಟಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಇನ್ನೊಂದು ಪೆಟ್ಟು ಬಿದ್ದಿದ್ದರೆ ಎಂದು ಶುರುಮಾಡಿದ ಡಾಕ್ಟರು ತಾಯಿಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಹುಡುಗಿ ಉಳಿದುಕೊಂಡಳು.

ಪಂದ್ಯ ತಡವಾಗಿ ನಡೆಯಿತು. ಎಳೆಯ ಗೋಲ್‌ಕೀಪರ್ ಆರು ಗೋಲು ಬಿಟ್ಟಳು. ಕಪ್ ಪಕ್ಕದ ಊರಿಗೆ ಹೋಯಿತು.

ಪಂದ್ಯ ನೋಡಲು ಬಂದಿದ್ದ ದೊಡ್ಡವರೆಲ್ಲರ ಎದುರಿಗೇ ನೊರ್ಬು ಆಂಗ್ಮೋಗೆ ಬೆರಳು ತೋರಿಸಿ ಹೇಳಿದ, “ಈ ಕಣಿವೆಯ ಯಾವ ತಂಡವೂ ನಿನ್ನನ್ನು ಇನ್ನು ಹತ್ತಿರ ಸೇರಿಸುವುದಿಲ್ಲ. ನಾನು ನೋಡಿಕೊಳ್ಳುತ್ತೇನೆ.” ಆ ಬಂದವರಲ್ಲಿ ಒಬ್ಬನೂ ತುಟಿ ಬಿಚ್ಚಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಗುರು, ಶಿಷ್ಯೆ ಇಬ್ಬರೂ ಮನೆಯ ದಾರಿ ಹಿಡಿದರು. ಐಸ್ ಮೇಲೆ ಕೂತದ್ದಕ್ಕೆ ಮೇಮೆಯ ಸೊಂಟ ಹಿಡಿದುಕೊಂಡಿತ್ತು. ಅವಳ ಹೆಗಲ ಮೇಲೆ ಭಾರ ಹಾಕಿ ನಡೆಯುತ್ತಿದ್ದರು. ಅವರ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಅರ್ಧ ದಾರಿಯಲ್ಲಿ ಆಂಗ್ಮೋ ನಿಂತಳು.

“ನಿಜವಾಗಿಯೂ ಮುಗಿಯಿತು, ಮೇಮೆ. ಇವತ್ತಿನಿಂದ ನಾನು ಕೋಚ್ ಅಲ್ಲ.”

ಮೇಮೆ ಉಸಿರು ಎಳೆದುಕೊಂಡರು.

“ಬೆಳಿಗ್ಗೆ ನನ್ನ ಬಾಗಿಲು ತಳ್ಳಿದೆಯಲ್ಲ, ಆಗ ನೀನು ಕೋಚ್ ಆಗಿರಲಿಲ್ಲ. ಮಧ್ಯಾಹ್ನ ಆದೆ.”