ದಿಬ್ಬಕ್ಕೆ ಬೇಲಿ ಹಾಕಿದ್ದು

ಇಂಗ್ಲೆಂಡಿನ ಒಂದು ಹುಲ್ಲುಗಾವಲಿನಲ್ಲಿ, ಚರಿತ್ರೆ ಹುಟ್ಟುವ ಮೊದಲೇ ಜನ ಬುಟ್ಟಿಯಲ್ಲಿ ಮಣ್ಣು ಹೊತ್ತು ಕಟ್ಟಿದ ಸಮಾಧಿ ದಿಬ್ಬವೊಂದಿತ್ತು. ಒಂದು ಬೆಳಿಗ್ಗೆ ಅದಕ್ಕೆ ಪಕ್ಕೆಯಲ್ಲಿ ಏನೋ ಕೆರೆದಂತಾಯಿತು. ನೋಡಿದರೆ, ಬಿಲ ತೋಡುವುದನ್ನೇ ಕುಲಕಸುಬು ಮಾಡಿಕೊಂಡ ಬ್ಯಾಡ್ಜರ್ ಎಂಬ ಪ್ರಾಣಿ.

“ಎಲವೋ, ನಿಲ್ಲಿಸು! ಹೀಗೆ ತೋಡಿದರೆ ನಾನು ಕುಸಿದುಹೋಗುತ್ತೇನೆ. ನನ್ನನ್ನು ಯಾರೂ ಅಗೆಯಕೂಡದೆಂದು ಕಾನೂನಿದೆ, ಗೊತ್ತೇ?” ಎಂದು ದಿಬ್ಬ ಗದರಿತು.

“ನನ್ನನ್ನು ಯಾರೂ ಒಕ್ಕಲೆಬ್ಬಿಸಕೂಡದೆಂದೂ ಕಾನೂನಿದೆ, ಅಜ್ಜ,” ಎಂದಿತು ಬ್ಯಾಡ್ಜರ್, ಮಣ್ಣನ್ನು ಹಿಂದಕ್ಕೆ ಎಸೆಯುತ್ತ.

“ಇರು, ಹಳೆಯ ಸ್ಮಾರಕಗಳನ್ನು ನೋಡಿಕೊಳ್ಳುವ ಅಧಿಕಾರಿ ಬರಲಿ. ನಿನಗಿದೆ!”

ಅಧಿಕಾರಿ ಬಂದ. ದಿಬ್ಬವನ್ನು ಕಂಡು ಟೋಪಿ ತೆಗೆದ, ಬಿಲವನ್ನು ಕಂಡು ತಲೆ ಕೆರೆದುಕೊಂಡ. ಬಿಲ ಮುಚ್ಚಿದರೆ ಒಂದು ಕಾನೂನು ಮುರಿಯುತ್ತದೆ, ಬಿಟ್ಟರೆ ಇನ್ನೊಂದು. ಬಹಳ ಹೊತ್ತು ಯೋಚಿಸಿ, ಎರಡನ್ನೂ ಒಳಗೆ ಸೇರಿಸಿ ಸುತ್ತಲೂ ಗಟ್ಟಿ ಬೇಲಿ ಹಾಕಿಸಿ, ತೃಪ್ತಿಯಿಂದ ಹೊರಟುಹೋದ.

ದಿಬ್ಬ ಬೀಗಿತು: “ನೋಡಿದೆಯಾ ನನ್ನ ಮರ್ಯಾದೆ? ಇನ್ನು ಒಂದು ಕುರಿಯೂ ನನ್ನ ಮೇಲೆ ಕಾಲಿಡುವಂತಿಲ್ಲ.”

“ನೋಡಿದೆ. ನನಗೂ ನಾಯಿಗಳ ಕಾಟ ತಪ್ಪಿತು,” ಎಂದಿತು ಬ್ಯಾಡ್ಜರ್. “ಈಗ ಸ್ವಲ್ಪ ಆಚೆ ಸರಿ, ಅಜ್ಜ. ಹೆಂಡತಿ ಮಕ್ಕಳನ್ನೂ ಕರೆಸಿಕೊಳ್ಳುತ್ತೇನೆ, ಇನ್ನೊಂದು ಕೋಣೆ ಬೇಕು.”