ಸೆರಗಿನ ಗಂಟೂ ಹದಿನೆಂಟು ಬಟನ್‌ಗಳ ಆ್ಯಪೂ

ಕೆಲಸಗಳನ್ನು ನೆನಪಿಸಲೆಂದು ಶಾಂಭವಿ ತಯಾರಿಸುತ್ತಿದ್ದ ಮೊಬೈಲ್ ಆ್ಯಪ್‌ಗೆ ತನ್ನ ಹದಿನೆಂಟು ಬಟನ್‌ಗಳ ಮೇಲೆ ಬಲು ಜಂಬ. ಅದು ಅವಳ ಸೆರಗಿನ ತುದಿಯ ಗಂಟನ್ನು ಕೆಣಕಿತು: “ಎಲೈ ಗಂಟೇ, ನಿನಗೇನು ಗೊತ್ತು?”

“ಹಾಲಿಗೆ ಹೆಪ್ಪು ಹಾಕಲು ಮರೆಯಬಾರದೆಂದು ನನ್ನನ್ನು ಕಟ್ಟಿದ್ದಾಳೆ. ಹಾಕಿದ ಮೇಲೆ ಬಿಚ್ಚುತ್ತಾಳೆ. ನನ್ನ ವಿದ್ಯೆ ಅಷ್ಟೇ.”

“ಅಯ್ಯೋ ಪಾಪ! ನಾನಾದರೆ ಕೆಲಸದ ಬಣ್ಣ ಕೇಳುವೆ, ವಿಭಾಗ ಕೇಳುವೆ, ಎಷ್ಟು ತುರ್ತೆಂದೂ ಕೇಳುವೆ.”

“ಅಷ್ಟರಲ್ಲಿ ಹಾಲು ತಣ್ಣಗಾಗುವುದಿಲ್ಲವೇ?”

ಶಾಂಭವಿ ಹೆಪ್ಪು ಹಾಕಿ ಗಂಟು ಬಿಚ್ಚಿದಳು. ಮುಂದಿನ ಕೆಲಸವನ್ನು ಆ್ಯಪ್‌ನಲ್ಲಿ ಬರೆಯಹೊರಟಳು. ಅದು ಬಣ್ಣ ಕೇಳಿತು, ವಿಭಾಗ ಕೇಳಿತು. ಎಷ್ಟು ತುರ್ತು ಎಂದು ಕೇಳುವಷ್ಟರಲ್ಲಿ ಅವಳು ಫೋನನ್ನು ಪಕ್ಕಕ್ಕೆ ಕುಕ್ಕಿ, ಸೆರಗಿಗೆ ಮತ್ತೊಂದು ಗಂಟು ಹಾಕಿದಳು.

“ಈಗ ಯಾವ ಕೆಲಸವೋ?” ಎಂದು ಆ್ಯಪ್ ಮೂಗು ಮುರಿಯಿತು.

“ನಿನ್ನ ಹದಿನೇಳು ಬಟನ್‌ಗಳನ್ನು ಕಿತ್ತು ಹಾಕುವ ಕೆಲಸ,” ಎಂದಿತು ಗಂಟು.