ಗಡಿ ದಾಟಿದ ಬಾಲ

ಆಫ್ರಿಕಾದ ಎರಡು ನೆರೆನಾಡುಗಳ ನಡುವೆ ಒಂದು ಹೊಳೆ. ಅದರ ಪೂರ್ವ ದಡದ ರೇವನ್ನೆಲ್ಲ ಮಟುಂಬ ಎಂಬ ನೀರಾನೆ ಒಬ್ಬನೇ ಆಕ್ರಮಿಸಿ, ಹಿಂಭಾಗವನ್ನು ನಡುಹೊಳೆಯವರೆಗೂ ಚಾಚಿ ಮಲಗಿದ್ದ. ಹುಲ್ಲು ತಂದುಕೊಟ್ಟವರಿಗಷ್ಟೇ ನೀರು. ಬಾಯಾರಿ ಕಂಗೆಟ್ಟ ಜಲಿಯಾ ಎಂಬ ಜೀಬ್ರಾ, ಯಾರೂ ಒಬ್ಬರೇ ಎಲ್ಲವನ್ನೂ ಕಬಳಿಸದಂತೆ ತಡೆಯುವ ಸ್ಪರ್ಧಾ ಕಾನೂನಿನ ಅಧಿಕಾರಿಯಾದ ಆಮೆಗೆ ದೂರು ಕೊಟ್ಟಳು.

“ನಮ್ಮ ಕಾನೂನಿನಲ್ಲಿ ನೂರಾನಲವತ್ತು ಕಲಮುಗಳಿವೆ. ಆಚೆ ದಡದವರದು ಒಂದೇ ಸಾಲು!” ಎಂದು ಆಮೆ ಬೀಗಿತು.

“ಹಾಗಾದರೆ ಅವನನ್ನು ಎಬ್ಬಿಸಿ.”

“ಹೊರಟಿದ್ದೇನಲ್ಲ, ಕಳೆದ ಮಳೆಗಾಲದಿಂದ!”

ಜಲಿಯಾ ಬಂಡೆ ಹತ್ತಿ, ಆಚೆ ದಡದ ಅಧಿಕಾರಿಯಾದ ತರಕರಡಿಯನ್ನು ಕೂಗಿದಳು. ಜೇನು ತಿನ್ನುವ ಆ ಪ್ರಾಣಿ ಹೆಸರಿಗಷ್ಟೇ ಕರಡಿ, ಗಾತ್ರದಲ್ಲಿ ನಾಯಿಗಿಂತ ಚಿಕ್ಕದು, ಆದರೆ ಅದರ ಹಲ್ಲಿಗೆ ಹೆದರಿ ಅಲ್ಲಿನ ನೀರಾನೆಗಳು ಸಾಲಿನಲ್ಲಿ ನಿಲ್ಲುತ್ತಿದ್ದವು.

“ನಡುಹೊಳೆಯೇ ಗಡಿ. ನಿಮ್ಮ ದಡ ನನ್ನ ವ್ಯಾಪ್ತಿಗೆ ಬಾರದು,” ಎಂದಿತು ತರಕರಡಿ.

“ಅವನ ಬಾಲ ಗಡಿ ದಾಟಿದೆ, ಸ್ವಾಮಿ!”

ತರಕರಡಿ ಈಜಿ ಬಂದು, ತನ್ನ ಗಡಿಯೊಳಗೇ ಇದ್ದುಕೊಂಡು, ಬಾಲವನ್ನು ಕಚ್ಚಿತು. ಮಟುಂಬ ಕಿರುಚುತ್ತ ದಡಕ್ಕೆ ಹಾರಿದ.

“ಅನ್ಯಾಯ! ಮೇಲ್ಮನವಿ ಹಾಕುತ್ತೇನೆ!”

“ಧಾರಾಳವಾಗಿ ಹಾಕು,” ಎಂದು ಆಮೆ ದೂರದ ಪೊದೆಯಿಂದ ಕೂಗಿತು. “ನಾನೇ ಬಂದು ವಿಚಾರಿಸುವವರೆಗೆ ನೀನು ನೀರಿಗಿಳಿಯುವಂತಿಲ್ಲ.”

ಆಮೆಯ ನಡಿಗೆ ಜಲಿಯಾಳಿಗೆ ಹಿತವೆನಿಸಿದ್ದು ಅದೇ ಮೊದಲು. ಅವಳು ಆತುರಪಡದೆ, ಹೊಟ್ಟೆ ಬಿರಿಯುವಷ್ಟು ನೀರು ಕುಡಿದಳು.